ಓವನ್ ಥರ್ಮೋಸ್ಟಾಟ್: ಬದಲಿಸುವ ಮೊದಲು ದೋಷ ಪತ್ತೆ ಹಚ್ಚುವುದು ಹೇಗೆ

ಕೇಕಿನ ಮೇಲ್ಭಾಗ ಕಪ್ಪಾಗಿ ನಡುವೆ ಹಿಟ್ಟು ಹಸಿಹಸಿಯಾಗಿ ಉಳಿದರೆ, ಬೆಣ್ಣೆ ಬಿಸ್ಕತ್ತು ಅರ್ಧ ಗಂಟೆ ಕಳೆದರೂ ಬಣ್ಣ ತಿರುಗದಿದ್ದರೆ, ಮೊದಲು ಕೇಳಿಬರುವ ತೀರ್ಪು ‘ಥರ್ಮೋಸ್ಟಾಟ್ ಹೋಗಿದೆ’ ಎನ್ನುವುದು. ರಿಪೇರಿ ಅಂಗಡಿಯಲ್ಲೂ ಬಹಳ ಸಲ ಅದೇ ಮಾತು. ಭಾಗ ಬದಲಾಗುತ್ತದೆ, ದುಡ್ಡು ಖರ್ಚಾಗುತ್ತದೆ, ಮುಂದಿನ ಕೇಕೂ ಹಾಗೇ ಬರುತ್ತದೆ. ಥರ್ಮೋಸ್ಟಾಟ್ ಕೆಡುತ್ತದೆ, ಕೆಟ್ಟಾಗ ಅಪಾಯವೂ ಹೌದು. ಆದರೆ ಅದರ ತಲೆಗೆ ಕಟ್ಟುವ ದೂರುಗಳಲ್ಲಿ ಎಷ್ಟೋ ದೂರಿನ ಬೇರು ಬೇರೆಡೆ ಇರುತ್ತದೆ: ಸಡಿಲಗೊಂಡ ನಾಬ್, ಇಳಿದ ವೋಲ್ಟೇಜ್, ಕಡಿದುಹೋದ ಒಂದು ರಾಡ್ (ಶಾಖ ಕೊಡುವ ಕಡ್ಡಿ), ಸರಿಯಾಗಿ ಕೂರದ ಬಾಗಿಲು.

ಥರ್ಮೋಸ್ಟಾಟ್ ಮಾಡುವುದು ಒಂದೇ ಕೆಲಸ. ಒಳಗಿನ ಬಿಸಿ ನೀವು ಇಟ್ಟ ಗುರುತಿಗೆ ಮುಟ್ಟಿದಾಗ ಕರೆಂಟು ಬಿಡಿಸುತ್ತದೆ, ತಣಿದಾಗ ಮತ್ತೆ ಕೂಡಿಸುತ್ತದೆ. ಶಾಖವನ್ನು ಅದು ಹುಟ್ಟಿಸುವುದೂ ಇಲ್ಲ, ಹೆಚ್ಚು ಕಡಿಮೆ ಮಾಡುವುದೂ ಇಲ್ಲ. ಹಾಗಾಗಿ ಅದರ ಆರೋಗ್ಯ ಗೊತ್ತಾಗುವುದು ಕೂಡಿಸುವ, ಬಿಡಿಸುವ ಲಯದಲ್ಲಿ. ಆ ಲಯವನ್ನೂ ಅದೇ ಹೊತ್ತಿನ ಉಷ್ಣತೆಯನ್ನೂ ಜೊತೆಯಾಗಿ ಗುರುತು ಹಾಕಿಕೊಂಡರೆ ದೋಷ ಎಲ್ಲಿದೆ ಎಂಬುದು ಹೆಚ್ಚಿನ ಸಲ ಸ್ಕ್ರೂ ಬಿಚ್ಚುವ ಮೊದಲೇ ತಿಳಿಯುತ್ತದೆ. ನಮ್ಮ ಮನೆಗಳಲ್ಲಿ ಹೆಚ್ಚಾಗಿರುವ ನಾಬ್ ತಿರುಗಿಸುವ ಓಟಿಜಿಯನ್ನೇ (ಓವನ್, ಟೋಸ್ಟರ್, ಗ್ರಿಲ್ ಮೂರೂ ಒಂದರಲ್ಲೇ ಇರುವ ಮೇಜಿನ ಓವನ್) ಇಲ್ಲಿ ಮುಖ್ಯವಾಗಿ ಇಟ್ಟುಕೊಂಡಿದ್ದೇನೆ. ಗೋಡೆಯೊಳಗೆ ಕೂರಿಸುವ ಎಲೆಕ್ಟ್ರಾನಿಕ್ ಓವನ್‌ಗಳ ಮಾತು ಕೊನೆಗೆ.

ಕೈ ಹಾಕುವ ಮೊದಲು

ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಕಡೆ ಇಟ್ಟುಕೊಳ್ಳಿ. ವೈರಿಂಗ್‌ನಲ್ಲಿ ಫೇಸ್, ನ್ಯೂಟ್ರಲ್ ಅದಲುಬದಲಾಗಿರುವ ಮನೆಗಳು ಬೇಕಾದಷ್ಟಿವೆ. ಅಲ್ಲಿ ಸ್ವಿಚ್ ಆರಿಸಿದರೂ ಓವನ್ ಒಳಗೆ ಕರೆಂಟು ನಿಂತೇ ಇರುತ್ತದೆ. ಓವನ್ ಪೂರ್ತಿ ತಣಿಯುವವರೆಗೆ ಕಾಯಿರಿ. ಮುಚ್ಚಳ ತೆಗೆದಿಟ್ಟು ಕರೆಂಟು ಕೊಟ್ಟು ನೋಡುವ ಯಾವ ಪರೀಕ್ಷೆಯೂ ಈ ಬರಹದಲ್ಲಿಲ್ಲ. ಅದು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೆಲಸ.

ಮೂರು ಪಿನ್‌ನ ಪ್ಲಗ್‌ಗೆ ಎರಡು ಪಿನ್‌ನ ಅಡಾಪ್ಟರ್ ಸಿಕ್ಕಿಸಿ ಓವನ್ ಓಡಿಸುತ್ತಿದ್ದರೆ ಅದನ್ನು ಇಂದೇ ನಿಲ್ಲಿಸಿ. ಓವನ್ನಿನ ಹೊರಮೈ ಲೋಹದ್ದು. ಅರ್ತಿಂಗ್ ಇಲ್ಲದಿದ್ದರೆ ಒಳಗಿನ ಒಂದು ಸುಟ್ಟ ವೈರು ಸಾಕು, ಬಾಗಿಲ ಹಿಡಿಯಲ್ಲೇ 230 ವೋಲ್ಟ್ ಬಂದು ಕೂರುತ್ತದೆ.

ಒಳಗೆ ಇರುವುದು ಯಾವ ಬಗೆ

ಚಿಕ್ಕ, ಅಗ್ಗದ ಓಟಿಜಿಗಳಲ್ಲಿ ಇರುವುದು ದ್ವಿಲೋಹ ಪಟ್ಟಿಯ ಥರ್ಮೋಸ್ಟಾಟ್. ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದ ಪಟ್ಟಿ ಬಿಸಿಗೆ ಬಾಗಿ ಪಾಯಿಂಟನ್ನು (ಕೂಡಿದಾಗ ಕರೆಂಟು ಹರಿಯುವ ಲೋಹದ ತುದಿಗಳನ್ನು) ಬಿಡಿಸುತ್ತದೆ. ಇದನ್ನು ಸಾಮಾನ್ಯವಾಗಿ ಅಡುಗೆ ಬೇಯುವ ಗೂಡಿನೊಳಗೆ ಇಡುವುದಿಲ್ಲ, ನಾಬ್‌ಗಳಿರುವ ಪಕ್ಕದ ಕಂಪಾರ್ಟ್‌ಮೆಂಟಿನಲ್ಲಿ, ಗೂಡಿನ ಗೋಡೆಗೆ ಹತ್ತಿರ ಕೂರಿಸಿರುತ್ತಾರೆ. ಅಂದರೆ ಅದಕ್ಕೆ ತಾಕುವುದು ಕೇಕಿನ ಸುತ್ತಲ ಗಾಳಿಯ ಬಿಸಿಯಲ್ಲ, ಗೋಡೆಯ ಆಚೆಗಿನ ಬಿಸಿ. ಒಂದರ ಹಿಂದೆ ಒಂದು ಟ್ರೇ ಬೇಯಿಸುವವರಿಗೆ ಮೂರನೆಯದೋ ನಾಲ್ಕನೆಯದೋ ಟ್ರೇ ಬೇಯದೆ ಕಾಡುವುದಕ್ಕೆ ಇದೂ ಕಾರಣ ಇರಬಹುದು: ಹೊತ್ತು ಕಳೆದಂತೆ ಪಕ್ಕದ ಕಂಪಾರ್ಟ್‌ಮೆಂಟೇ ಕಾದು ಪಟ್ಟಿ ಬೇಗ ಬಾಗುತ್ತದೆ. ಓವನ್ನನ್ನು ಗೋಡೆಗೆ ಒತ್ತಿ ಇಟ್ಟಿದ್ದರೆ, ಗಾಳಿಯಾಡುವ ಸೀಳುಗಳ ಮೇಲೆ ಬಟ್ಟೆ ಬಿದ್ದಿದ್ದರೆ ತೊಂದರೆ ಇನ್ನೂ ಬೇಗ ಕಾಣಿಸುತ್ತದೆ. ಇಂಥ ಕಡೆ ಭಾಗ ಬದಲಿಸಿ ಪ್ರಯೋಜನವಿಲ್ಲ. ಓವನ್ನಿನ ಸುತ್ತ ಜಾಗ ಬಿಡಬೇಕು, ಅಷ್ಟೆ.

ದೊಡ್ಡ ಓಟಿಜಿ, ಬೇಕರಿಯ ಡೆಕ್ ಓವನ್‌ಗಳಲ್ಲಿ ಇರುವುದು ಕ್ಯಾಪಿಲರಿ ಬಗೆ. ಗೂಡಿನೊಳಗೆ ಪೆನ್ಸಿಲ್‌ಗಿಂತ ತೆಳ್ಳಗಿನ ಲೋಹದ ಬಲ್ಬ್, ಅದರಿಂದ ಹೊರಟ ಕೂದಲಿನಂಥ ತಾಮ್ರದ ಅಥವಾ ಸ್ಟೀಲಿನ ನಳಿಗೆ, ನಾಬ್‌ನ ಹಿಂದೆ ಒಂದು ಡಯಾಫ್ರಂ, ಅಂದರೆ ಒತ್ತಡಕ್ಕೆ ಉಬ್ಬುವ ತೆಳು ಲೋಹದ ಬಿಲ್ಲೆ. ಒಳಗೆ ತುಂಬಿದ ಎಣ್ಣೆ ಬಿಸಿಗೆ ಹಿಗ್ಗಿ ಡಯಾಫ್ರಂ ಅನ್ನು ಒತ್ತಿದಾಗ ಪಾಯಿಂಟ್ ಬಿಡುತ್ತದೆ. ಇದು ಗಾಳಿಯ ಬಿಸಿಯನ್ನೇ ಅಳೆಯುವುದರಿಂದ ಹೆಚ್ಚು ನಂಬಿಕೆಗೆ ಅರ್ಹ. ಆದರೆ ಇದಕ್ಕೊಂದು ಕೆಟ್ಟ ಗುಣವಿದೆ. ನಳಿಗೆ ಮುರಿದು ಎಣ್ಣೆ ಸೋರಿದರೆ ಡಯಾಫ್ರಂ ಅನ್ನು ಒತ್ತುವವರು ಯಾರೂ ಇಲ್ಲ, ಪಾಯಿಂಟ್ ಬಿಡುವುದೇ ಇಲ್ಲ, ಓವನ್ ಕಾಯುತ್ತಲೇ ಹೋಗುತ್ತದೆ. ಕೆಲವು ಓವನ್‌ಗಳಲ್ಲಿ ಇಂಥ ಹೊತ್ತಿಗೆಂದೇ ಎರಡನೆಯ ಸುರಕ್ಷತಾ ಕಟೌಟ್ ಅಥವಾ ಥರ್ಮಲ್ ಫ್ಯೂಸ್ ಇರುತ್ತದೆ. ಎಲ್ಲದರಲ್ಲೂ ಇರುವುದಿಲ್ಲ.

ಕರೆಂಟಿನ ದಾರಿಯನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಪ್ಲಗ್‌ನಿಂದ ಫ್ಯೂಸ್ (ಇದ್ದರೆ), ಅಲ್ಲಿಂದ ಟೈಮರ್, ಥರ್ಮೋಸ್ಟಾಟ್, ಮೇಲೆ-ಕೆಳಗೆ ಆಯ್ಕೆಯ ಸೆಲೆಕ್ಟರ್ ಸ್ವಿಚ್, ಕೊನೆಗೆ ರಾಡ್. ಕ್ರಮ ಮಾದರಿಯಿಂದ ಮಾದರಿಗೆ ಹಿಂದುಮುಂದಾಗಬಹುದು, ಎಲ್ಲವೂ ಒಂದೇ ಸಾಲಿನಲ್ಲಿ ಇರುತ್ತವೆ ಎಂಬುದು ಮುಖ್ಯ. ಸಾಲಿನಲ್ಲಿ ಯಾವುದು ಕಡಿದರೂ ಹೊರಗೆ ಕಾಣುವುದು ಒಂದೇ: ಓವನ್ ಕಾಯುವುದಿಲ್ಲ (ಎರಡು ರಾಡ್‌ಗಳಲ್ಲಿ ಒಂದು ಮಾತ್ರ ಕಡಿದರೆ ಅರೆಬರೆ ಕಾಯುತ್ತದೆ).

ಮುಚ್ಚಳ ಬಿಚ್ಚದೆ ಮಾಡುವ ಪರೀಕ್ಷೆ

ಮೊದಲು ಬೇಕಾದದ್ದು ನಂಬುವಂಥ ಥರ್ಮಾಮೀಟರ್. ಕಂಬಿಯ ಮೇಲೆ ನಿಲ್ಲಿಸುವ ಡಯಲ್ ಥರ್ಮಾಮೀಟರ್ ಸಾಕು. ಮಲ್ಟಿಮೀಟರ್‌ಗೆ ಸಿಕ್ಕಿಸುವ ಕೆ ಬಗೆಯ ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಇದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಅದು ಏರಿಳಿತವನ್ನು ಬೇಗ ತೋರಿಸುತ್ತದೆ, ವೈರನ್ನು ಬಾಗಿಲ ಸಂದಿನಿಂದ ಹೊರತಂದು ಬಾಗಿಲು ತೆರೆಯದೆ ಓದಬಹುದು. ಮೀಟರ್ ಜೊತೆ ಬರುವ ತಂತಿಯ ಹೊದಿಕೆ ಎಷ್ಟು ಬಿಸಿ ತಡೆಯುತ್ತದೆ ಎಂದು ಮೊದಲೇ ನೋಡಿಕೊಳ್ಳಿ. ಕೆಲವು ತಂತಿಗಳ ಮಿತಿ 250 ಡಿಗ್ರಿಗೇ ಮುಗಿಯುತ್ತದೆ. ಹೊರಗಿನಿಂದ ಕೆಂಪು ಚುಕ್ಕೆ ಬಿಟ್ಟು ಅಳೆಯುವ ಇನ್‌ಫ್ರಾರೆಡ್ ಗನ್ ಇಲ್ಲಿಗೆ ಬೇಡ. ಅದು ಗಾಳಿಯ ಬಿಸಿ ಓದುವುದಿಲ್ಲ, ಹೊಳೆಯುವ ಸ್ಟೀಲಿನ ಮೇಲೆ ಹಿಡಿದರೆ ತಪ್ಪು ಅಂಕಿ ಕೊಡುತ್ತದೆ.

ನೀರಿನಲ್ಲಿ ಅದ್ದಬಹುದಾದ ಥರ್ಮಾಮೀಟರ್ ಆಗಿದ್ದರೆ ಕುದಿಯುವ ನೀರಿನಲ್ಲಿ ಪರಿಶೀಲಿಸಿ. ಇಲ್ಲೊಂದು ಸೂಕ್ಷ್ಮ ಇದೆ: ಮಂಗಳೂರಿನಲ್ಲಿ ನೀರು ಕುದಿಯುವುದು 100 ಡಿಗ್ರಿಗೆ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 97ಕ್ಕೆ, ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ಬೆಂಗಳೂರಿನಲ್ಲಿ 97 ತೋರಿಸಿದ ಥರ್ಮಾಮೀಟರ್ ಸರಿಯಾಗಿಯೇ ಇದೆ, ಅದನ್ನು 100ಕ್ಕೆ ತಿರುಚಬೇಡಿ.

ಥರ್ಮಾಮೀಟರ್ ಇಲ್ಲವೇ ಇಲ್ಲ ಎಂದರೆ ಸಕ್ಕರೆ ಇದೆ. ಸಕ್ಕರೆ ಸುಮಾರು 186 ಡಿಗ್ರಿಗೆ ಕರಗುತ್ತದೆ. ಅಲ್ಯೂಮಿನಿಯಂ ಫಾಯಿಲ್‌ನ ಪುಟ್ಟ ಬಟ್ಟಲಿನಲ್ಲಿ ಒಂದು ಚಮಚ ಸಕ್ಕರೆ ಹಾಕಿ, ಚೆನ್ನಾಗಿ ಕಾದ ಓವನ್ನಿನ ನಡುವೆ ಕಾಲು ಗಂಟೆ ಇಡಿ. ನಾಬ್ 175ರಲ್ಲಿ ಇದ್ದಾಗ ಹರಳು ಹರಳಾಗಿಯೇ ಉಳಿಯಬೇಕು, 190-195ಕ್ಕೆ ಏರಿಸಿದಾಗ ಕರಗಬೇಕು. 175ರಲ್ಲೇ ಕರಗಿ ಕಂದಾದರೆ ಓವನ್ ಹೆಚ್ಚು ಕಾಯುತ್ತಿದೆ. 200ರಲ್ಲೂ ಕರಗದಿದ್ದರೆ ಕಡಿಮೆ ಕಾಯುತ್ತಿದೆ. ಬಟ್ಟಲು ರಾಡ್‌ಗೆ ಹತ್ತಿರವಿದ್ದರೆ ಈ ಪರೀಕ್ಷೆಗೆ ಬೆಲೆಯಿಲ್ಲ, ಏಕೆಂದರೆ ರಾಡ್‌ನ ನೇರ ಶಾಖವೇ ಅದನ್ನು ಕರಗಿಸಿಬಿಡುತ್ತದೆ.

ಎರಡನೆಯದಾಗಿ ಬೇಕಾದದ್ದು ರಾಡ್‌ಗೆ ಕರೆಂಟು ಯಾವಾಗ ಹೋಗುತ್ತಿದೆ, ಯಾವಾಗ ನಿಂತಿದೆ ಎಂಬ ಲೆಕ್ಕ. ಓವನ್ನಿನ ಮುಂದಿನ ಕೆಂಪು ದೀಪವನ್ನು ನಂಬಿ ಕೂರಬೇಡಿ. ಕೆಲವು ಮಾದರಿಗಳಲ್ಲಿ ಅದು ಥರ್ಮೋಸ್ಟಾಟ್ ಜೊತೆ ಹತ್ತಿ ಆರುತ್ತದೆ, ಇನ್ನು ಕೆಲವದರಲ್ಲಿ ಟೈಮರ್ ಓಡುವಷ್ಟು ಹೊತ್ತೂ ಉರಿದೇ ಇರುತ್ತದೆ. ‘ದೀಪ ಆರುವುದೇ ಇಲ್ಲ, ಥರ್ಮೋಸ್ಟಾಟ್ ಅಂಟಿಕೊಂಡಿದೆ’ ಎಂದು ಒಳ್ಳೆಯ ಭಾಗವನ್ನು ಬಿಸಾಡಿಸುವುದು ಈ ದೀಪವೇ. ರಾಡ್ ಕೆಂಪಗಾಗುವುದನ್ನೂ ಪುರಾವೆ ಎಂದುಕೊಳ್ಳಬೇಡಿ. ಬೆಳಕಿರುವ ಅಡುಗೆಮನೆಯಲ್ಲಿ ಚೆನ್ನಾಗಿ ಕಾದ ರಾಡ್ ಕೂಡ ಕಪ್ಪಾಗಿಯೇ ಕಾಣಬಹುದು.

ನಂಬಬೇಕಾದದ್ದು ಮನೆಯ ಕರೆಂಟ್ ಮೀಟರನ್ನು. ಡಿಜಿಟಲ್ ಮೀಟರಿನ ಮುಖದ ಮೇಲೆ ಮಿಟುಕುವ ಪುಟ್ಟ ಕೆಂಪು ದೀಪ ಇದೆಯಲ್ಲ, ಅದರ ಪಕ್ಕದಲ್ಲಿ ಒಂದು ಯೂನಿಟ್‌ಗೆ ಎಷ್ಟು ಸಲ ಮಿಟುಕುತ್ತದೆ ಎಂದು ಮುದ್ರಿಸಿರುತ್ತಾರೆ: 1600, 3200, ಹೀಗೆ. ಫ್ರಿಜ್, ಗೀಸರ್, ಫ್ಯಾನು, ದೀಪ, ಯುಪಿಎಸ್ ಎಲ್ಲ ಆರಿಸಿ ಓವನ್ ಒಂದನ್ನೇ ಓಡಿಸಿ, ಒಬ್ಬರು ಮೀಟರ್ ಮುಂದೆ ನಿಲ್ಲಿ. 1500 ವ್ಯಾಟ್‌ನ ಓವನ್, 3200ರ ಮೀಟರ್ ಆದರೆ ನಿಮಿಷಕ್ಕೆ 80 ಸಲ ಮಿಟುಕಬೇಕು. 1600ರ ಮೀಟರ್ ಆದರೆ 40. ಥರ್ಮೋಸ್ಟಾಟ್ ಬಿಡಿಸಿದ ಕ್ಷಣ ಮಿಟುಕುವುದು ನಿಂತೇಹೋಗುತ್ತದೆ, ಕೂಡಿಸಿದಾಗ ಮತ್ತೆ ಶುರುವಾಗುತ್ತದೆ. ಒಳಗೆ ದೀಪವೋ ಫ್ಯಾನೋ ಇದ್ದರೆ ಪೂರ್ತಿ ನಿಲ್ಲದೆ ಅಪರೂಪಕ್ಕೊಮ್ಮೆ ಮಿಟುಕೀತು.

ಈ ಒಂದು ಎಣಿಕೆ ಎಷ್ಟು ವಿಷಯ ಹೇಳುತ್ತದೆ ನೋಡಿ. 80ರ ಜಾಗದಲ್ಲಿ 40 ಬಂದರೆ ಎರಡು ರಾಡ್‌ಗಳಲ್ಲಿ ಒಂದು ಸತ್ತಿದೆ, ಇಲ್ಲವೇ ಸೆಲೆಕ್ಟರ್ ಸ್ವಿಚ್‌ನ ಒಂದು ಭಾಗ ಕೂಡುತ್ತಿಲ್ಲ. 55ರ ಸುತ್ತ ಬಂದರೆ ವೋಲ್ಟೇಜ್ ಕಡಿಮೆ ಇರುವ ಸಾಧ್ಯತೆ ಹೆಚ್ಚು. ರಾಡ್‌ನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230ರ ಬದಲು 190 ವೋಲ್ಟ್ ಬಂದರೆ ಕಳೆದುಕೊಳ್ಳುವುದು ಆರರಲ್ಲಿ ಒಂದು ಪಾಲು ಶಾಖ ಅಂದುಕೊಳ್ಳುತ್ತೇವೆ, ನಿಜವಾಗಿ ಕಳೆದುಕೊಳ್ಳುವುದು ಸುಮಾರು ಮೂರರಲ್ಲಿ ಒಂದು ಪಾಲು. 1500 ವ್ಯಾಟ್‌ನ ಓವನ್ ಸಾವಿರದಷ್ಟಕ್ಕೆ ಇಳಿಯುತ್ತದೆ. ಸಂಜೆ ಹೊತ್ತು, ಪಂಪ್‌ಸೆಟ್ ಓಡುವ ಹೊತ್ತು ಓವನ್ ಕಾಯದೆ ರಾತ್ರಿ ಹನ್ನೊಂದಕ್ಕೆ ಚೆನ್ನಾಗಿ ಕಾಯುವ ಊರುಗಳಲ್ಲಿ ಥರ್ಮೋಸ್ಟಾಟ್‌ನ ಗೋಜಿಗೇ ಹೋಗಬೇಡಿ. ಹಲವು ಮೀಟರ್‌ಗಳ ಪರದೆಯಲ್ಲಿ ವೋಲ್ಟೇಜೂ ಸುತ್ತಿ ಬರುತ್ತದೆ, ಅದನ್ನೂ ಬರೆದುಕೊಳ್ಳಿ.

ಈಗ ಪರೀಕ್ಷೆ. ಖಾಲಿ ಓವನ್, ನಡುವಿನ ಕಂಬಿಯ ಮೇಲೆ ಥರ್ಮಾಮೀಟರ್, ಎರಡೂ ರಾಡ್ ಆನ್, ನಾಬ್ 180ಕ್ಕೆ, ಟೈಮರ್ ಒಂದು ಗಂಟೆಗೆ (ಅಥವಾ ‘ಸ್ಟೇ ಆನ್’ಗೆ). ಮೊದಲ ಸಲ ಕರೆಂಟು ಕಡಿದ ಹೊತ್ತಿನ ಉಷ್ಣತೆಗೆ ತೂಕ ಕೊಡಬೇಡಿ. ಮೊದಲ ಸುತ್ತಿನಲ್ಲಿ ಎಲ್ಲ ಓವನ್ನೂ ಗುರಿ ಮೀರಿ ಹೋಗುತ್ತದೆ. ಮೂರು ನಾಲ್ಕು ಸುತ್ತು ಕಳೆದ ಮೇಲೆ ಪ್ರತಿ ಸುತ್ತಿನ ಗರಿಷ್ಠ, ಕನಿಷ್ಠ ಉಷ್ಣತೆ ಬರೆದು ಸರಾಸರಿ ತೆಗೆಯಿರಿ. 195ಕ್ಕೆ ಬಿಟ್ಟು 165ಕ್ಕೆ ಕೂಡಿದರೆ ಸರಾಸರಿ 180, ಓವನ್ ಸರಿಯಾಗಿದೆ. 180 ಅಂದರೆ ಮುಳ್ಳು 180ರಲ್ಲೇ ನಿಲ್ಲಬೇಕು ಎಂಬ ನಿರೀಕ್ಷೆ ಓಟಿಜಿಯಿಂದ ಬೇಡ. ಆಚೀಚೆ 15 ಡಿಗ್ರಿಯ ಏರಿಳಿತ ಅದರ ಹುಟ್ಟುಗುಣ.

ಲಯ ಏನು ಹೇಳುತ್ತದೆ

ಕರೆಂಟು ನಿಲ್ಲುವುದೇ ಇಲ್ಲ, ಉಷ್ಣತೆಯೂ 180 ದಾಟಿ 220, 240 ಎಂದು ಏರುತ್ತಲೇ ಇದೆ. ಇದು ನಿಜವಾದ ಥರ್ಮೋಸ್ಟಾಟ್ ದೋಷ. ಓವನ್ನನ್ನು ತಕ್ಷಣ ಆರಿಸಿ, ಸರಿಯಾಗುವವರೆಗೆ ಬಳಸಬೇಡಿ. ಪಾಯಿಂಟ್‌ಗಳು ಕರಗಿ ಬೆಸೆದುಕೊಂಡಿರಬಹುದು, ಕ್ಯಾಪಿಲರಿ ಸೋರಿರಬಹುದು, ಇಲ್ಲವೇ ಬಲ್ಬ್ ಕ್ಲಿಪ್ಪಿನಿಂದ ಕಳಚಿ ಗೂಡಿನ ಹೊರಗೆ ಜಾರಿರಬಹುದು. ಕೊನೆಯದನ್ನು ಟಾರ್ಚ್ ಹಾಕಿ ನೋಡಿದರೆ ತಿಳಿಯುತ್ತದೆ.

ಕರೆಂಟು ನಿಲ್ಲುವುದೇ ಇಲ್ಲ, ಆದರೆ ಉಷ್ಣತೆ 140ರ ಸುತ್ತ ನಿಂತುಬಿಟ್ಟಿದೆ. ಮೇಲ್ನೋಟಕ್ಕೆ ಹಿಂದಿನದರ ಹಾಗೇ ಕಂಡರೂ ಇದು ಪೂರ್ತಿ ಬೇರೆ ಕಾಯಿಲೆ. ಇಲ್ಲಿ ಥರ್ಮೋಸ್ಟಾಟ್ ತನ್ನ ಕೆಲಸ ಮಾಡುತ್ತಿದೆ: 180 ಮುಟ್ಟಿಲ್ಲವಾದ್ದರಿಂದ ಬಿಡಿಸಿಲ್ಲ. ಶಾಖವೇ ಸಾಲುತ್ತಿಲ್ಲ ಅಥವಾ ಸೋರುತ್ತಿದೆ. ಮಿಟುಕಿನ ಎಣಿಕೆ ಅರ್ಧಕ್ಕಿಳಿದಿದ್ದರೆ ರಾಡ್ ಅಥವಾ ಸೆಲೆಕ್ಟರ್, ಮೂರನೇ ಒಂದು ಪಾಲು ಇಳಿದಿದ್ದರೆ ವೋಲ್ಟೇಜ್, ಸರಿಯಾಗಿಯೇ ಇದ್ದರೆ ಬಾಗಿಲು. ಬಾಗಿಲ ಸ್ಪ್ರಿಂಗ್ ಸೋತು ಮೇಲಿನ ಅಂಚಿನಲ್ಲಿ ಸಂದು ಬಿಟ್ಟಿದೆಯೇ ನೋಡಿ. ಅಂಗಡಿಗೆ ಹೋಗಿ ಹೊಸ ಥರ್ಮೋಸ್ಟಾಟ್ ಹಾಕಿಸಿಕೊಂಡು ಬಂದರೂ ಸರಿಹೋಗದ ಓವನ್‌ಗಳು ಹೆಚ್ಚಾಗಿ ಈ ಗುಂಪಿನವು. ಈ ಎರಡು ಸ್ಥಿತಿಗಳನ್ನು ಬೇರ್ಪಡಿಸಲು ಬೇಕಾದದ್ದು ಒಂದು ಥರ್ಮಾಮೀಟರ್ ಮಾತ್ರ.

ಲಯ ಚೆನ್ನಾಗಿದೆ, ಆದರೆ ಸರಾಸರಿ 180ರ ಬದಲು 150 ಅಥವಾ 215. ಮೊದಲು ನಾಬ್ ಹಿಡಿದು ಅಲ್ಲಾಡಿಸಿ. ನಾಬ್ ಕೂರುವ ದಂಡ ಒಂದು ಕಡೆ ಚಪ್ಪಟೆ ಇರುತ್ತದೆ, ಬಿಸಿಗೆ ಪ್ಲಾಸ್ಟಿಕ್ ಸೀಳಿದರೆ ನಾಬ್ ದಂಡದ ಮೇಲೆ ಜಾರಿ ಮುಳ್ಳು 180 ತೋರಿಸುವಾಗ ದಂಡ ಇನ್ನೆಲ್ಲೋ ಇರುತ್ತದೆ. ನಾಬ್ ಗಟ್ಟಿ ಇದ್ದರೆ ಬಲ್ಬ್ ನೋಡಿ. ರಾಡ್‌ಗೆ ತಾಗಿಕೊಂಡಿದ್ದರೆ ಬೇಗ ಬಿಡುತ್ತದೆ, ಓವನ್ ತಣ್ಣಗಿರುತ್ತದೆ. ಜಿಡ್ಡು ಕರಿಗಟ್ಟಿ ದಪ್ಪನೆಯ ಪದರ ಹಿಡಿದಿದ್ದರೆ ಅಥವಾ ಫಾಯಿಲ್ ಹೊದಿಕೆ ಅದರ ಮೇಲೆ ಬಿದ್ದಿದ್ದರೆ ತಡವಾಗಿ ಬಿಡುತ್ತದೆ, ಗುರಿ ಮೀರಿ ಕಾಯುತ್ತದೆ. ತಳಕ್ಕೆ ಜಿಡ್ಡು ತಾಗಬಾರದೆಂದು ಫಾಯಿಲ್ ಹಾಸುವವರು ಬಲ್ಬಿನ ಸುತ್ತ ಜಾಗ ಬಿಡಬೇಕು. ಬಲ್ಬನ್ನು ಸೋಪುನೀರಿನ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಸ್ಟೀಲ್ ನಾರಿನಿಂದ ಉಜ್ಜಬೇಡಿ.

ಏರಿಳಿತವೇ ವಿಪರೀತ, 140ಕ್ಕೆ ಇಳಿದು 225ಕ್ಕೆ ಏರುತ್ತಿದೆ. ದ್ವಿಲೋಹದ ಬಗೆಯಲ್ಲಿ ಪಟ್ಟಿಯ ಸ್ಪ್ರಿಂಗ್ ಗುಣ ಸೋತಿರುವ ಅಥವಾ ಪಾಯಿಂಟ್‌ಗಳು ಆಗಾಗ ಅಂಟಿಕೊಂಡು ಬಿಡುತ್ತಿರುವ ಲಕ್ಷಣ ಇದು. ಅಂಟಿಕೊಳ್ಳುವ ಪಾಯಿಂಟ್ ಇಂದಲ್ಲ ನಾಳೆ ಪೂರ್ತಿ ಬೆಸೆದುಕೊಳ್ಳುತ್ತದೆ. ಓವನ್ ಪಕ್ಕಕ್ಕೆ ತಟ್ಟಿದಾಗ ‘ಟಕ್’ ಎಂದು ಬಿಡುತ್ತಿದ್ದರೆ ಸಂಶಯವೇ ಬೇಡ, ಬದಲಿಸಿ.

ಕರೆಂಟೇ ಹೋಗುತ್ತಿಲ್ಲ, ಒಂದು ಮಿಟುಕೂ ಇಲ್ಲ. ಸಾಕೆಟ್‌ಗೆ ಬೇರೆ ಉಪಕರಣ ಹಾಕಿ ನೋಡಿ. ಟೈಮರ್ ತಿರುಗಿಸಿದ್ದೀರಾ ನೋಡಿ. ಟೈಮರ್ ಸೊನ್ನೆಯಲ್ಲಿದ್ದರೆ ಎಷ್ಟೋ ಓಟಿಜಿಗಳಿಗೆ ಕರೆಂಟೇ ಹೋಗುವುದಿಲ್ಲ, ಹೊಸದಾಗಿ ಕೊಂಡವರ ದೂರುಗಳಲ್ಲಿ ಇದು ಸಾಮಾನ್ಯ. ಇಷ್ಟಾದ ಮೇಲೂ ಸತ್ತೇ ಇದ್ದರೆ ಮಲ್ಟಿಮೀಟರ್ ತೆಗೆಯಬೇಕು.

ಸರಾಸರಿ ಸರಿ, ಲಯ ಸರಿ, ಆದರೂ ಕೇಕು ಒಂದು ಕಡೆ ಸುಡುತ್ತದೆ. ಕಂಬಿಯ ತುಂಬ ಬ್ರೆಡ್ ಚೂರುಗಳನ್ನು ಒತ್ತೊತ್ತಾಗಿ ಜೋಡಿಸಿ ಬಣ್ಣ ಬರುವವರೆಗೆ ಬೇಯಿಸಿ. ಎಲ್ಲಿ ಕಪ್ಪು, ಎಲ್ಲಿ ಬಿಳಿ ಎಂದು ಇಡೀ ಗೂಡಿನ ನಕ್ಷೆ ಸಿಗುತ್ತದೆ. ಹಿಂದಿನ ಸಾಲೋ ಒಂದು ಮೂಲೆಯೋ ಮಾತ್ರ ಕಂದಾಗಿದ್ದರೆ ಅದು ರಾಡ್ ಬಾಗಿದ್ದಕ್ಕೆ, ಟ್ರೇ ಗೋಡೆಗೆ ತಾಗಿದ್ದಕ್ಕೆ ಅಥವಾ ಫ್ಯಾನ್ ತಿರುಗದ್ದಕ್ಕೆ. ಥರ್ಮೋಸ್ಟಾಟ್ ಇಡೀ ಓವನ್ನಿಗೆ ಒಂದೇ, ಮೂಲೆಗೊಂದು ನ್ಯಾಯ ಮಾಡಲು ಅದಕ್ಕೆ ಬರುವುದಿಲ್ಲ.

ಮಲ್ಟಿಮೀಟರ್ ಹಿಡಿದು

ಪ್ಲಗ್ ಕಿತ್ತು, ತಣಿದ ಮೇಲೆ ಹೊರ ಮುಚ್ಚಳದ ಸ್ಕ್ರೂ ತೆಗೆಯಿರಿ. ಒಂದು ವೈರನ್ನೂ ಮುಟ್ಟುವ ಮೊದಲು ಫೋನಿನಲ್ಲಿ ನಾಲ್ಕಾರು ಕೋನಗಳಿಂದ ಫೋಟೊ ತೆಗೆದುಕೊಳ್ಳಿ. ಆಮೇಲೆ ಕಣ್ಣಿನಿಂದಲೇ ಹುಡುಕಿ: ಕಂದಾದ ಲಗ್ (ವೈರಿನ ತುದಿಯ ಲೋಹದ ಕ್ಲಿಪ್ಪು), ಕರಗಿದ ಸ್ಲೀವ್, ಸಡಿಲವಾಗಿ ಕೂತ ವೈರು. ಕರೆಂಟು ಬಂದು ಹೋಗಿ ಮಾಡುವ ಓವನ್‌ಗಳಲ್ಲಿ ದೋಷ ಥರ್ಮೋಸ್ಟಾಟ್‌ನ ಒಳಗಿಗಿಂತ ಅದಕ್ಕೆ ಸಿಕ್ಕಿಸಿದ ಲಗ್‌ನಲ್ಲಿ ಇರುವುದು ಹೆಚ್ಚು.

ಥರ್ಮೋಸ್ಟಾಟ್‌ನ ಒಂದು ಲಗ್ ಕಳಚಿ, ಮೀಟರನ್ನು 200 ಓಮ್ ರೇಂಜಿಗೆ ಇಟ್ಟು, ಅದರ ಎರಡು ಟರ್ಮಿನಲ್‌ಗಳಿಗೆ ಮುಟ್ಟಿಸಿ. ಓವನ್ ತಣ್ಣಗಿರುವಾಗ ನಾಬ್ 100ರಲ್ಲಿರಲಿ, 250ರಲ್ಲಿರಲಿ, ಪಾಯಿಂಟ್ ಕೂಡಿಯೇ ಇರಬೇಕು, ಓದಿಕೆ ಸೊನ್ನೆಗೆ ಹತ್ತಿರ ಇರಬೇಕು. ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿದಾಗ ಬರುವ ಅಂಕಿಯನ್ನು ಕಳೆಯುವುದು ಮರೆಯಬೇಡಿ. ಏನೂ ತೋರಿಸದಿದ್ದರೆ ಪಾಯಿಂಟ್ ಸುಟ್ಟಿದೆ. ನಾಬ್‌ನಲ್ಲಿ ‘ಆಫ್’ ಗುರುತು ಇದ್ದು, ಅಲ್ಲಿಗೆ ತಂದಾಗಲೂ ಕೂಡಿಯೇ ಇದ್ದರೆ ಪಾಯಿಂಟ್ ಬೆಸೆದುಕೊಂಡಿದೆ.

ನಡುವಿನ ಓದಿಕೆಗಳ ಬಗ್ಗೆ ಎಚ್ಚರ ಬೇಕು. ‘ಒಂದು ಓಮ್ ತಾನೇ, ಪರವಾಗಿಲ್ಲ’ ಎನ್ನುವುದನ್ನು ಕೇಳಿದ್ದೇನೆ. 1500 ವ್ಯಾಟ್‌ನ ಓವನ್ ಎಳೆಯುವುದು ಆರೂವರೆ ಆಂಪಿಯರ್. ಒಂದು ಓಮ್ ತಡೆಯಿರುವ ಪಾಯಿಂಟಿನಲ್ಲಿ ಅಷ್ಟು ಕರೆಂಟು ಹರಿದರೆ ಅಲ್ಲೇ 42 ವ್ಯಾಟ್ ಶಾಖ ಹುಟ್ಟುತ್ತದೆ. ರೇಡಿಯೊ ರಿಪೇರಿಯವರ ಬೆಸುಗೆ ಕಡ್ಡಿಯೇ 25 ವ್ಯಾಟಿನದು. ಅದಕ್ಕಿಂತ ಬಿಸಿಯಾದ ಕಡ್ಡಿಯೊಂದನ್ನು ವೈರುಗಳ ನಡುವೆ ಹೂತಿಟ್ಟು ಮುಚ್ಚಳ ಹಾಕಿದಂತಾಯಿತು. ಪಾಯಿಂಟನ್ನು ಮರಳುಕಾಗದದಿಂದ ಉಜ್ಜಿ ಸರಿಪಡಿಸುವುದೂ ಬೇಡ. ಮೇಲಿನ ಬೆಳ್ಳಿ ಮಿಶ್ರಲೋಹದ ಪದರ ಸವೆದರೆ ಕೆಲವೇ ದಿನಗಳಲ್ಲಿ ಮತ್ತೆ ಸುಡುತ್ತದೆ.

ರಾಡ್‌ಗಳನ್ನೂ ಅದೇ ಹೊತ್ತಿಗೆ ಅಳೆದುಬಿಡಿ. 230 ವೋಲ್ಟಿಗೆ 750 ವ್ಯಾಟ್‌ನ ರಾಡ್ ಸುಮಾರು 70 ಓಮ್, 1000 ವ್ಯಾಟಿನದು 53, 1500 ವ್ಯಾಟಿನದು 35. ತಣ್ಣಗಿರುವಾಗ ಒಂದೆರಡು ಓಮ್ ಕಡಿಮೆ ಬಂದರೆ ತಪ್ಪಿಲ್ಲ. ರಾಡ್‌ನ ತುದಿಗೂ ಅದರ ಲೋಹದ ಮೈಗೂ ನಡುವೆ ಏನೂ ತೋರಿಸಬಾರದು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟ ಓವನ್ ಹಾಕಿದ ಕೂಡಲೇ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಕಡಿಯುವ ಸ್ವಿಚ್) ಬೀಳುತ್ತಿದ್ದರೆ ರಾಡ್‌ನೊಳಗಿನ ಮೆಗ್ನೀಷಿಯಂ ಆಕ್ಸೈಡ್ ಪುಡಿ ತೇವ ಹೀರಿರುವ ಸಾಧ್ಯತೆ ಇದೆ. ಅದೂ ಥರ್ಮೋಸ್ಟಾಟ್‌ನ ದೋಷ ಅಲ್ಲ.

ಥರ್ಮಲ್ ಫ್ಯೂಸ್ ಹಾರಿದ್ದರೆ ಅದನ್ನು ಬದಲಿಸಿ ಮುಚ್ಚಿಬಿಡಬೇಡಿ. ಅದು ಹಾರಿದೆ ಎಂದರೆ ಓವನ್ ಒಮ್ಮೆ ಮಿತಿ ಮೀರಿ ಕಾದಿದೆ ಎಂದರ್ಥ, ಹಾಗಾಗಿ ಥರ್ಮೋಸ್ಟಾಟ್ ಪರೀಕ್ಷೆ ಆಗಲೇಬೇಕು. ಹೊಸದರ ಮೇಲೆ ಅದೇ ಡಿಗ್ರಿ, ಅದೇ ಆಂಪಿಯರ್ ಇರಬೇಕು, ವೈರಿಗೆ ಒತ್ತಿ ಕೂಡಿಸಬೇಕು. ಬೆಸುಗೆ ಹಾಕಹೋದರೆ ಆ ಬಿಸಿಗೇ ಹಾರಿಹೋಗುತ್ತದೆ.

ಕ್ಯಾಪಿಲರಿ ಬಗೆಗೆ ಇನ್ನೊಂದು ಪರೀಕ್ಷೆ ಇದೆ, ನನಗೆ ಇದೇ ಅತ್ಯಂತ ನೆಚ್ಚಿನದು, ಏಕೆಂದರೆ ಇಲ್ಲಿ ಅಂದಾಜಿಗೆ ಜಾಗವೇ ಇಲ್ಲ. ಥರ್ಮೋಸ್ಟಾಟ್ ಪೂರ್ತಿ ಹೊರತೆಗೆದು, ಒದ್ದೆಯಿಲ್ಲದ ಬಲ್ಬನ್ನು ಬಾಣಲೆಯ ಅಡುಗೆ ಎಣ್ಣೆಯಲ್ಲಿ ತಳಕ್ಕೆ ತಾಗದಂತೆ ಇಳಿಬಿಡಿ, ಪಕ್ಕದಲ್ಲೇ ಎಣ್ಣೆಯ ಥರ್ಮಾಮೀಟರ್. ಮೀಟರನ್ನು ಬೀಪ್‌ಗೆ ಇಟ್ಟು ಟರ್ಮಿನಲ್‌ಗಳಿಗೆ ಸಿಕ್ಕಿಸಿ, ನಾಬ್ 150ಕ್ಕೆ ಇಟ್ಟು, ಸಣ್ಣ ಉರಿಯಲ್ಲಿ ಕಲಕುತ್ತ ಕಾಯಿಸಿ. ಬೀಪ್ ನಿಂತ ಡಿಗ್ರಿ ಬರೆದುಕೊಂಡು ಒಲೆ ಆರಿಸಿ, ಮತ್ತೆ ಬೀಪ್ ಬಂದ ಡಿಗ್ರಿ ಬರೆದುಕೊಳ್ಳಿ. 150ರ ಆಸುಪಾಸಿನಲ್ಲಿ ನಿಂತು, ಹತ್ತು ಹದಿನೈದು ಡಿಗ್ರಿ ಇಳಿಯುವುದರೊಳಗೆ ಮತ್ತೆ ಬಂದರೆ ಭಾಗ ಆರೋಗ್ಯವಾಗಿದೆ. 170 ದಾಟಿದರೂ ಬೀಪ್ ನಿಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ, ಎಣ್ಣೆಯನ್ನು ಹೊಗೆಯಾಡುವವರೆಗೆ ಕಾಯಿಸಬೇಡಿ. ನಳಿಗೆಯನ್ನು ಚೂಪಾಗಿ ಮಡಿಸಿದರೆ ಒಳ್ಳೆಯ ಥರ್ಮೋಸ್ಟಾಟ್ ನಿಮ್ಮ ಕೈಯಲ್ಲೇ ಕೆಡುತ್ತದೆ. ದ್ವಿಲೋಹದ ಬಗೆಯನ್ನು ಎಣ್ಣೆಗೆ ಹಾಕುವಂತಿಲ್ಲ, ಅದಕ್ಕೆ ಮನೆಯ ಕರೆಂಟ್ ಮೀಟರಿನ ದೀಪದ ಲಯವೇ ಪರೀಕ್ಷೆ.

ತಿದ್ದುವುದೋ, ಬದಲಿಸುವುದೋ

150ರಲ್ಲೂ 200ರಲ್ಲೂ ಅಳೆಯಿರಿ. ಎರಡು ಕಡೆಯೂ ಒಂದೇ ಅಂತರ, ಉದಾಹರಣೆಗೆ 20 ಡಿಗ್ರಿ ಕಡಿಮೆ, ಬಂದರೆ ಭಾಗ ಕೆಟ್ಟಿಲ್ಲ, ಗುರುತು ತಪ್ಪಿದೆ. ಕೆಲವು ಥರ್ಮೋಸ್ಟಾಟ್‌ಗಳ ದಂಡದ ನಡುವೆ ಅಥವಾ ಪಕ್ಕದಲ್ಲಿ ಬಣ್ಣ ಹಚ್ಚಿ ಮುಚ್ಚಿದ ಪುಟ್ಟ ಸ್ಕ್ರೂ ಇರುತ್ತದೆ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ ಮತ್ತೆ ಅಳೆಯಿರಿ. ಅದಿಲ್ಲದಿದ್ದರೆ ಸ್ಕ್ರೂಗೆ ಹುಡುಕಾಡದೆ ನಾಬ್ ಪಕ್ಕ ನಿಜವಾದ ಅಂಕಿಗಳ ಚೀಟಿ ಅಂಟಿಸಿ, ಕೇಕಿಗೆ ಅಷ್ಟು ಸಾಕು. ಅಂತರ ಒಂದೊಂದು ಕಡೆ ಒಂದೊಂದು ಥರ, ಅಥವಾ ಇವತ್ತು ಒಂದು ನಾಳೆ ಇನ್ನೊಂದು ಎಂದಾದರೆ ತಿದ್ದಿ ಉಪಯೋಗವಿಲ್ಲ.

ಬದಲಿಸುವಾಗ ಹಳೆಯದನ್ನೇ ಅಂಗಡಿಗೆ ಒಯ್ಯಿರಿ. ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ‘ಓಟಿಜಿ ಥರ್ಮೋಸ್ಟಾಟ್’ ಎಂದರೆ ಹತ್ತು ಬಗೆ ಮುಂದಿಡುತ್ತಾರೆ. ಹೊಂದಬೇಕಾದದ್ದು: ಡಿಗ್ರಿಯ ಮಿತಿ, ಆಂಪಿಯರ್ (250 ವೋಲ್ಟ್, 16 ಆಂಪಿಯರ್ ಸಾಮಾನ್ಯ), ದಂಡದ ಉದ್ದ ಮತ್ತು ಚಪ್ಪಟೆ ಇರುವ ಕಡೆ, ಎರಡು ಸ್ಕ್ರೂ ತೂತುಗಳ ನಡುವಿನ ಅಂತರ, ಬಲ್ಬಿನ ದಪ್ಪ, ನಳಿಗೆಯ ಉದ್ದ. ಗೀಸರ್ ಥರ್ಮೋಸ್ಟಾಟ್ ನೋಡಲು ಹಾಗೇ ಇದ್ದರೂ ಅದರ ಮಿತಿ 100 ಡಿಗ್ರಿಯೊಳಗೇ ಮುಗಿಯುತ್ತದೆ. ಓವನ್ನಿಗೆ ಅದು ಬರುವುದಿಲ್ಲ.

ಒಂದು ಮಾತನ್ನು ಒತ್ತಿ ಹೇಳಬೇಕು. ಭಾಗ ಸಿಗದಿದ್ದಾಗ ‘ಡೈರೆಕ್ಟ್ ಕೊಟ್ಟುಬಿಡ್ತೀನಿ, ನೀವು ಟೈಮರ್ ನೋಡ್ಕೊಂಡು ಆಫ್ ಮಾಡ್ಕೊಳ್ಳಿ’ ಎನ್ನುವ ರಿಪೇರಿಯವರಿದ್ದಾರೆ. ಒಪ್ಪಬೇಡಿ. ಥರ್ಮೋಸ್ಟಾಟ್ ಬಿಟ್ಟು ನೇರ ಕೂಡಿಸಿದ ಓವನ್ನಿಗೆ ನಿಲ್ಲುವ ಮಿತಿಯೇ ಇಲ್ಲ. ನೀವು ಫೋನಿನಲ್ಲಿ ಮಾತಾಡುತ್ತ ನಿಂತ ಹತ್ತು ನಿಮಿಷದಲ್ಲಿ ಬೆಣ್ಣೆ ಕಾಗದ ಹೊತ್ತಿಕೊಳ್ಳಬಹುದು. ಭಾಗ ಸಿಗುವವರೆಗೆ ಓವನ್ ಪಕ್ಕಕ್ಕಿರಲಿ.

ಎಲೆಕ್ಟ್ರಾನಿಕ್ ಓವನ್ ಆದರೆ

ಬಟನ್ ಒತ್ತಿ ಡಿಗ್ರಿ ಇಡುವ ಓವನ್‌ಗಳಲ್ಲಿ ಥರ್ಮೋಸ್ಟಾಟ್ ಜಾಗದಲ್ಲಿ ಬಿಸಿಗೆ ತಕ್ಕಂತೆ ತಡೆ ಬದಲಾಗುವ ಸೆನ್ಸರ್ ಮತ್ತು ಬೋರ್ಡಿನ ರಿಲೇ (ಬೋರ್ಡು ಹೇಳಿದಂತೆ ಕರೆಂಟು ಕೂಡಿಸಿ ಬಿಡಿಸುವ ಸ್ವಿಚ್) ಇರುತ್ತವೆ. ಹೆಚ್ಚಾಗಿ ಬಳಸುವ ಪಿಟಿ1000 ಸೆನ್ಸರ್ 25 ಡಿಗ್ರಿಯಲ್ಲಿ ಸುಮಾರು 1097 ಓಮ್, 100ರಲ್ಲಿ 1385, 200ರಲ್ಲಿ 1758 ಓಮ್ ತೋರಿಸಬೇಕು. ಪಿಟಿ500 ಆದರೆ ಅದರ ಅರ್ಧ. ಅಂಕಿ ಸರಿಯಿದ್ದೂ ಓವನ್ ಕಾಯುತ್ತಲೇ ಹೋದರೆ ರಿಲೇ ಅಂಟಿಕೊಂಡಿದೆ, ಅದು ಬೋರ್ಡ್ ರಿಪೇರಿಯವರ ಕೆಲಸ. ಅಮೆರಿಕದ ಮನೆಗಳಲ್ಲಿರುವ ನಮ್ಮವರು ಸೆನ್ಸರ್‌ಗೆ ಕೈ ಹಾಕುವ ಮೊದಲು ಕೈಪಿಡಿ ನೋಡಲಿ. ಅಲ್ಲಿನ ಬಹಳಷ್ಟು ಓವನ್‌ಗಳಲ್ಲಿ 35 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ಹೆಚ್ಚು ಕಡಿಮೆ ಮಾಡಿಕೊಳ್ಳುವ ಅವಕಾಶ ಮೆನುವಿನಲ್ಲೇ ಇರುತ್ತದೆ.

ಹೊಸದನ್ನು ಹಾಕಿದ ಮೇಲೆ

ಲಗ್‌ಗಳು ಬಿಗಿಯಾಗಿ ಕೂತಿವೆಯೇ, ಯಾವ ವೈರೂ ಗೂಡಿನ ಗೋಡೆಗೆ ತಾಗುತ್ತಿಲ್ಲವೇ ಎಂದು ಫೋಟೊ ಜೊತೆ ಹೋಲಿಸಿ ನೋಡಿ. ಮುಚ್ಚಳ ಹಾಕಿದ ಮೇಲೆ, ಪ್ಲಗ್ ಇನ್ನೂ ಹೊರಗಿರುವಾಗಲೇ, ಎರಡು ಅಳತೆ: ಪ್ಲಗ್‌ನ ದಪ್ಪ ಅರ್ತ್ ಪಿನ್ನಿಗೂ ಓವನ್ನಿನ ಬಣ್ಣವಿಲ್ಲದ ಲೋಹದ ಮೈಗೂ ನಡುವೆ ಒಂದು ಓಮ್‌ಗಿಂತ ಕಡಿಮೆ, ಟೈಮರ್, ನಾಬ್ ಎಲ್ಲ ತಿರುಗಿಸಿಟ್ಟು ಉಳಿದೆರಡು ಪಿನ್‌ಗಳಿಗೂ ಮೈಗೂ ನಡುವೆ ಮೀಟರ್ ಏನೂ ತೋರಿಸಬಾರದು. ಇದರಲ್ಲಿ ಒಂದು ತಪ್ಪಿದರೂ ಸಾಕೆಟ್‌ಗೆ ಹಾಕಬೇಡಿ. ಎರಡೂ ಸರಿಯಿದ್ದರೆ ಕಿಟಕಿ ತೆರೆದು ಖಾಲಿ ಓವನ್ನನ್ನು 180ಕ್ಕೆ ಓಡಿಸಿ, ಮೂರು ನಾಲ್ಕು ಸುತ್ತು ಬಿಟ್ಟು ಸರಾಸರಿ ತೆಗೆಯಿರಿ, 150ರಲ್ಲೂ 200ರಲ್ಲೂ ಅದನ್ನೇ ಮಾಡಿ. ಹೊಸ ಥರ್ಮೋಸ್ಟಾಟ್ ಕೂಡ ಹತ್ತಿಪ್ಪತ್ತು ಡಿಗ್ರಿ ಆಚೀಚೆ ಇರಬಹುದು. ಮೂರು ಅಂಕಿಗಳನ್ನೂ ತಾರೀಖಿನ ಜೊತೆ ಬರೆದು ಓವನ್ನಿನ ಪಕ್ಕದ ಗೋಡೆಗೆ ಅಂಟಿಸಿ. ಮುಂದೆ ಯಾವತ್ತಾದರೂ ಕೇಕು ಕೆಟ್ಟರೆ ಹೊಸ ಅಳತೆಯನ್ನು ಅದರ ಪಕ್ಕ ಇಟ್ಟು ನೋಡಬಹುದು.